ಕುಂಚ ಕಟ್ಟಿಟ್ಟು ಊರಿಗೆ ಹೋಗಲೇ?

ಪ್ರಶ್ನೆ: ನನಗೆ 28 ವರ್ಷ. ದೃಶ್ಯಕಲೆಯಲ್ಲಿ ಪದವಿ ಮುಗಿಸಿ ಮೂರು ವರ್ಷ ಡಿಸೈನ್ ಕಂಪನಿಯೊಂದರಲ್ಲಿದ್ದೆ. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಸ್ವತಂತ್ರವಾಗಿ ಚಿತ್ರ ಬರೆದುಕೊಡುತ್ತಿದ್ದೇನೆ. ತಿಂಗಳಿಗೆ ಸರಾಸರಿ 18 ಸಾವಿರ ಬರುತ್ತದೆ, ಖರ್ಚು ಅದಕ್ಕಿಂತ ಹೆಚ್ಚು. 24 ಪುಟದ ಮಕ್ಕಳ ಪುಸ್ತಕವೊಂದನ್ನು 15 ಸಾವಿರಕ್ಕೆ ಒಪ್ಪಿಕೊಂಡೆ. ಪ್ರಕಾಶಕರು ಐದಾರು ಸಲ ತಿದ್ದಿಸಿದರು. ಪುಸ್ತಕ ಬಂದು ನಾಲ್ಕು ತಿಂಗಳಾದರೂ ಹಣ ಕೊಟ್ಟಿಲ್ಲ. ಅದೇ ಪುಸ್ತಕದ ಹುಡುಗಿಯ ಚಿತ್ರ ಅವರು ಮಾರುವ ಶಾಲಾ ಬ್ಯಾಗಿನ ಮೇಲೂ ಬಂದಿದೆ. ಕೇಳಿದರೆ ‘ಎಐನಲ್ಲಿ ಐದು ನಿಮಿಷದ ಕೆಲಸ’ ಎನ್ನುತ್ತಾರೆ. ದಾವಣಗೆರೆಯ ಖಾಸಗಿ ಶಾಲೆಯೊಂದು ಡ್ರಾಯಿಂಗ್ ಟೀಚರ್ ಕೆಲಸ ಕೊಡುತ್ತೇನೆಂದಿದೆ, ಸಂಬಳ 20 ಸಾವಿರ. ಅಪ್ಪ ‘ಸಾಕು, ಬಂದುಬಿಡು’ ಅಂತಾರೆ. ಸೋತು ಹೋಗಬೇಕೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಊರಿಗೆ ಹೋಗುವುದನ್ನು ಸೋಲು ಎಂದು ಬರೆದಿದ್ದೀರಿ. ಆ ಮಾತು ಸ್ವಲ್ಪ ಪಕ್ಕಕ್ಕಿರಲಿ, ಮೊದಲು ಆ 15 ಸಾವಿರದ ಲೆಕ್ಕ ನೋಡೋಣ. 24 ಪುಟವೆಂದರೆ ಸುಮಾರು ಹನ್ನೊಂದು ಜೋಡಿಪುಟ, ಜೊತೆಗೆ ಮುಖಪುಟ. ಕಥೆಯನ್ನು ಪುಟಪುಟವಾಗಿ ಹಂಚಿಕೊಳ್ಳುವ ಸಣ್ಣ ಸ್ಕೆಚ್‌ಗಳಿಗೆ 2 ದಿನ, ಪಾತ್ರಗಳ ಮುಖ, ಉಡುಪು ಗೊತ್ತುಮಾಡಲು 3, ಪೆನ್ಸಿಲ್ ಕೆಲಸಕ್ಕೆ 8, ಬಣ್ಣಕ್ಕೆ 12, ಮುಖಪುಟಕ್ಕೆ 2, ತಿದ್ದುಪಡಿಗೆ 4, ಮುದ್ರಣದ ಫೈಲ್ ಸಿದ್ಧಪಡಿಸಲು 1. ಒಟ್ಟು 32 ದಿನ. ದಿನಕ್ಕೆ ಸಿಕ್ಕಿದ್ದು, ಅಲ್ಲ, ಸಿಗಬೇಕಿರುವುದು 470 ರೂಪಾಯಿಗಿಂತ ಕಡಿಮೆ. ಇಷ್ಟು ಕಡಿಮೆಗೆ ಎಂಥ ಕೈಚಳಕವಿದ್ದರೂ ಬದುಕು ನಡೆಯುವುದಿಲ್ಲ. ನಿಮ್ಮ ಚಿತ್ರ ಸಾಲದೆ ಹೀಗಾಯಿತೆಂದು ದಯವಿಟ್ಟು ಕೊರಗಬೇಡಿ.

ಹಾಗಾದರೆ ನಿಮ್ಮ ದಿನದ ದರ ಎಷ್ಟಿರಬೇಕು? ಬಾಡಿಗೆ, ಊಟ, ಓಡಾಟಕ್ಕೆ 24 ಸಾವಿರ. ಟ್ಯಾಬ್ಲೆಟ್, ಸಾಫ್ಟ್‌ವೇರ್, ಇಂಟರ್ನೆಟ್‌ಗೆ 3 ಸಾವಿರ. ಆಪತ್ತಿಗೆ, ಆರೋಗ್ಯ ವಿಮೆಗೆ 5 ಸಾವಿರ ಎಂದಿಟ್ಟುಕೊಳ್ಳಿ. ಒಟ್ಟು 32 ಸಾವಿರ. ಇದನ್ನು 30ರಿಂದ ಭಾಗಿಸುವುದೇ ಎಲ್ಲರೂ ಮಾಡುವ ತಪ್ಪು. ಕೆಲಸ ಹುಡುಕುವುದು, ಇಮೇಲ್, ಕೊಟೇಶನ್, ಹಣಕ್ಕಾಗಿ ಅಲೆಯುವುದು, ಕೆಲಸವಿಲ್ಲದ ವಾರಗಳು ಎಲ್ಲ ಕಳೆದರೆ ಕಾಸು ತರುವ ದಿನಗಳು ತಿಂಗಳಿಗೆ 12 ಸಿಕ್ಕರೆ ಹೆಚ್ಚು. 32 ಸಾವಿರವನ್ನು 12ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 2,700. ನಿಮ್ಮ ನಿಜವಾದ ಖರ್ಚು ಹಾಕಿ ಇದನ್ನೇ ಮತ್ತೆ ಮಾಡಿ ನೋಡಿ.

ಈ ದರದಲ್ಲಿ ಆ ಪುಸ್ತಕಕ್ಕೆ 86,400 ಆಗುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿಸುವ ಕನ್ನಡ ಪ್ರಕಾಶಕರಿಗೆ ಪ್ರತಿಯೊಂದಕ್ಕೆ 86 ರೂಪಾಯಿ ಚಿತ್ರಕ್ಕೇ ಬಿದ್ದರೆ ಪುಸ್ತಕ ಮಾರುವುದು ಹೇಗೆ? ಅವರ ಕಷ್ಟವೂ ಸುಳ್ಳಲ್ಲ. ಇಂಥ ಕಡೆ ದರ ಇಳಿಸಬೇಡಿ, ಕೆಲಸ ಇಳಿಸಿ. ನಾಲ್ಕೈದು ಜೋಡಿಪುಟ ಮಾತ್ರ ತುಂಬು ಬಣ್ಣದಲ್ಲಿ, ಉಳಿದೆಡೆ ಬಿಳಿ ಹಾಳೆಯ ಮೇಲೆ ಚಿಕ್ಕ ಚಿತ್ರಗಳು ಎಂದು ಮಾತಾಡಿದರೆ 15 ದಿನಕ್ಕೆ, 40 ಸಾವಿರದ ಆಸುಪಾಸಿಗೆ ಮುಗಿಯುತ್ತದೆ. ಅದೂ ಆಗದಿದ್ದರೆ ಮುಖಪುಟ ಒಂದನ್ನೇ ಮಾಡಿಕೊಡಿ. ತಿಂಗಳ ಖರ್ಚು ನಡೆಸುವ ಹಣ ಬೇರೆಡೆಯಿಂದ ಬರಬೇಕು: ಪಠ್ಯಪೂರಕ ಪುಸ್ತಕ ಮಾಡುವವರು, ಆರೋಗ್ಯ, ಕೃಷಿ, ಶಿಕ್ಷಣದ ಸ್ವಯಂಸೇವಾ ಸಂಸ್ಥೆಗಳ ತರಬೇತಿ ಕೈಪಿಡಿ, ಪೋಸ್ಟರ್‌ಗಳು, ತಿಂಡಿ-ಮಸಾಲೆ ಪೊಟ್ಟಣಗಳು. ಇಂಥ ಹಲವು ಸಂಸ್ಥೆಗಳ ಅನುದಾನ ಮಾರ್ಚ್‌ನೊಳಗೆ ಖರ್ಚಾಗಬೇಕಿರುವುದರಿಂದ ನವೆಂಬರ್-ಡಿಸೆಂಬರ್‌ನಲ್ಲೇ ಅವರಿಗೆ ಬರೆಯಿರಿ.

ಐದಾರು ಸಲದ ತಿದ್ದುಪಡಿ ಯಾಕಾಯಿತು ಗೊತ್ತೇ? ಪೆನ್ಸಿಲ್ ಹಂತದಲ್ಲಿ ಬರಹದ ಒಪ್ಪಿಗೆ ಇಲ್ಲದೆ ಬಣ್ಣಕ್ಕೆ ಹೋದದ್ದರಿಂದ ಇರಬೇಕು. ಬಣ್ಣವಾದ ಮೇಲೆ ‘ಹುಡುಗಿ ಇನ್ನೂ ಚಿಕ್ಕವಳಿರಲಿ’ ಎಂದರೆ ಪುಟವನ್ನೇ ಮತ್ತೆ ಬರೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಜನ ನಾಲ್ಕು ಮಾತು ಹೇಳುವುದು ಇನ್ನೊಂದು ಕಾರಣ. ಮುಂದೆ ಇಮೇಲ್‌ನಲ್ಲಿ ಹೀಗೆ ಬರೆದುಕೊಳ್ಳಿ: ಒಪ್ಪಿಗೆ ಕೊಡುವವರು ಒಬ್ಬರೇ, ಪೆನ್ಸಿಲ್ ಹಂತದಲ್ಲಿ ಎರಡು ಸುತ್ತು, ಬಣ್ಣದಲ್ಲಿ ಒಂದು ಸುತ್ತು ತಿದ್ದುಪಡಿ, ಅದಕ್ಕಿಂತ ಹೆಚ್ಚಾದರೆ ಪ್ರತಿ ಅರ್ಧ ದಿನಕ್ಕೆ ಇಷ್ಟು. ಹಣ ಮೂರು ಕಂತು: ಶುರುವಿಗೆ ಶೇ 40, ಪೆನ್ಸಿಲ್ ಒಪ್ಪಿಗೆಗೆ 30, ಕೊನೆಯ ಫೈಲ್ ಕೊಡುವ ಮೊದಲು 30. ಅಲ್ಲಿಯವರೆಗೆ ಚಿಕ್ಕ ಅಳತೆಯ, ಅಡ್ಡಗುರುತು (ವಾಟರ್‌ಮಾರ್ಕ್) ಹಾಕಿದ ಪ್ರತಿ ಮಾತ್ರ ಕಳಿಸಿ. ಮುಂಗಡಕ್ಕೆ ಒಲ್ಲೆನೆನ್ನುವವರು ಕೊನೆಯ ಕಂತಿಗೂ ಸತಾಯಿಸುತ್ತಾರೆ.

‘ಅಚ್ಚಿನಲ್ಲಿ ಬಣ್ಣ ಮಂಕಾಯಿತು’ ಎಂಬುದೂ ಹಣ ಹಿಡಿಯಲು ನೆಪವಾಗುತ್ತದೆ. ಪರದೆಯ ಮೇಲಿನ ಉಜ್ವಲ ನೀಲಿ, ಗಿಳಿಹಸಿರು ಅಚ್ಚಿನ ನಾಲ್ಕು ಬಣ್ಣದ (ಸಿಎಂವೈಕೆ) ಶಾಯಿಯಲ್ಲಿ ಬರುವುದೇ ಇಲ್ಲ. ಬಣ್ಣ ಹಾಕುವಾಗಲೇ ಸಿಎಂವೈಕೆ ಪ್ರೂಫ್ ಹಾಕಿ ನೋಡಿ. ಡೆಮಿ 1/8 ಅಳತೆಯ ಪುಸ್ತಕದ ಮುಖಪುಟವೆಂದರೆ 5.5 x 8.5 ಇಂಚು, ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಸೇರಿಸಿ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸುಮಾರು 1,725 x 2,625 ಪಿಕ್ಸೆಲ್ ಬೇಕು.

ಬ್ಯಾಗಿನ ವಿಷಯ ಹೆಚ್ಚು ಗಂಭೀರ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಚಿತ್ರ ಬರೆದವರೇ ಮೊದಲ ಹಕ್ಕುದಾರರು. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ: ಹಣ ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರಗಳಿಗೆ ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರೇ ಹಕ್ಕುದಾರರು. ನಿಮ್ಮ ಚಿತ್ರವೂ ಈ ಸಾಲಿಗೆ ಬರುತ್ತದೆಂದು ಅವರು ವಾದಿಸಬಹುದು. ಅದಕ್ಕೇ ಪ್ರತಿ ಕೆಲಸಕ್ಕೂ ಮೂರು ವಾಕ್ಯ ಬೇಕು: ‘ಕೃತಿಸ್ವಾಮ್ಯ ಕಲಾವಿದೆಯದು. ಈ ಶೀರ್ಷಿಕೆಯ ಕನ್ನಡ ಮುದ್ರಿತ ಪುಸ್ತಕದಲ್ಲಿ, ಭಾರತದಲ್ಲಿ, ಐದು ವರ್ಷ ಬಳಸಲು ಅನುಮತಿ. ಬೇರೆ ಬಳಕೆಗೆ ಪ್ರತ್ಯೇಕ ಹಣ.’ ಹಕ್ಕು ವರ್ಗಾಯಿಸುವುದಾದರೆ 19ನೇ ಸೆಕ್ಷನ್ ಪ್ರಕಾರ ಅದು ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದರ್ಥ. ಹಳೆಯ ಇಮೇಲ್‌ಗಳನ್ನು ತೆಗೆದು ನೋಡಿ. ‘ಪುಸ್ತಕಕ್ಕೆ’ ಎಂಬ ಮಾತು ಎಲ್ಲಾದರೂ ಇದ್ದರೆ ಬ್ಯಾಗಿನ ಫೋಟೊ ಇಟ್ಟು ಬೇರೆ ಬಿಲ್ ಕೇಳಿ.

ಬಾಕಿ ಹಣಕ್ಕೆ ಇಂದೇ ಬಿಲ್ಲಿನ ಪ್ರತಿ, ಪ್ಯಾನ್, ಬ್ಯಾಂಕ್ ವಿವರ ಸೇರಿಸಿ, ಪಾವತಿಸಬೇಕಾದ ತಾರೀಖು ಹಾಕಿ ಇಮೇಲ್ ಮಾಡಿ. ಹದಿನೈದು ದಿನ ಕಾದು ವಕೀಲರಿಂದ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದೆ. ಮುಂದಿನ ಕೆಲಸಗಳಿಗಾಗಿ ಈ ವಾರವೇ ‘ಉದ್ಯಮ್’ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಸಾಕು, ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ. ನೋಂದಾಯಿತ ಸಣ್ಣ ಉದ್ಯಮಕ್ಕೆ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಡಿ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿಗೆ ಮುಂಚಿನ ಕೆಲಸಕ್ಕೆ ಈ ದಾರಿ ಹಿಡಿಯುವುದು ಕಷ್ಟ, ಅದಕ್ಕೇ ತಡಮಾಡಬೇಡಿ. ವರ್ಷದ ವಹಿವಾಟು 20 ಲಕ್ಷ ಮುಟ್ಟುವವರೆಗೆ ಜಿಎಸ್‌ಟಿ ಚಿಂತೆ ಬೇಡ. ಹಣ ಕೊಡುವಾಗಲೇ ತೆರಿಗೆ (ಟಿಡಿಎಸ್) ಮುರಿದುಕೊಂಡಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಿರಿ, ಅದು ನಿಮ್ಮದೇ ದುಡ್ಡು.

ಎಐ ಕೆಲವು ಕೆಲಸ ಕಿತ್ತುಕೊಂಡಿರುವುದು ನಿಜ, ಹಬ್ಬದ ಶುಭಾಶಯದ ಪೋಸ್ಟ್‌ಗಳಂಥವು. ಅವುಗಳ ಹಿಂದೆ ಹೋಗಬೇಡಿ. ಆದರೆ ಒಂದೇ ಹುಡುಗಿಯನ್ನು 24 ಪುಟದಲ್ಲಿ ಅದೇ ಹುಡುಗಿಯಾಗಿ ಉಳಿಸುವಾಗ, ಕನ್ನಡದ ಒತ್ತಕ್ಷರಗಳನ್ನು ಬರೆಯುವಾಗ, ಮಂಡಕ್ಕಿ ಭಟ್ಟಿಯ ಹೊಗೆ, ಇಳಕಲ್ ಸೀರೆಯ ಸೆರಗು ತೋರಿಸುವಾಗ ಅದು ಇನ್ನೂ ಎಡವುವುದುಂಟು. ನಿಮ್ಮ ಪೋರ್ಟ್‌ಫೋಲಿಯೊದಲ್ಲಿ 12 ಚಿತ್ರ ಸಾಕು. ಅದರಲ್ಲಿ ಮೂರು ಒಂದೇ ಕಥೆಯ ಬೇರೆ ಬೇರೆ ದೃಶ್ಯಗಳಿರಲಿ, ಎರಡು ಕೈಬರಹದ ಕನ್ನಡ ಶೀರ್ಷಿಕೆಗಳಿರಲಿ. ಒಳ್ಳೆಯ ಕನ್ನಡ ಅಕ್ಷರ ಬರೆಯುವವರು ಕಡಿಮೆ, ಮುಖಪುಟ ಮಾಡಿಸುವವರು ಅದನ್ನೇ ಹುಡುಕುತ್ತಿರುತ್ತಾರೆ.

ಇನ್ನು ಶಾಲೆಯ ಮಾತು. ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಬೆಂಗಳೂರಿನಲ್ಲೇ ಇದ್ದು ಹೊಸ ಕರಾರಿನಲ್ಲಿ ಕೆಲಸ ಹಿಡಿಯಿರಿ. ಪತ್ರ ಓದಿದರೆ ಇಲ್ಲವೆನಿಸುತ್ತದೆ. ಹಾಗಿದ್ದರೆ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ದಾವಣಗೆರೆಗೆ ಹೋಗುವುದು ಒಳ್ಳೆಯದು. ಪ್ರಕಾಶಕರು ನಿಮ್ಮ ಫೈಲ್ ನೋಡುತ್ತಾರೆ, ವಿಳಾಸ ನೋಡುವುದಿಲ್ಲ. ಬಾಡಿಗೆ ಉಳಿಯಿತೆಂದು ಮಾತ್ರ ದಿನದ ದರ ಇಳಿಸಬೇಡಿ. ಇಳಿಸಿದ ದರವನ್ನು ಅದೇ ಗಿರಾಕಿಯ ಹತ್ತಿರ ಮತ್ತೆ ಏರಿಸಲಾಗದು. ಶಾಲೆಯವರನ್ನು ಮೊದಲು ವಾರಕ್ಕೆ ಮೂರು ದಿನದ ಕೆಲಸ ಕೇಳಿ, ಒಪ್ಪಿದರೂ ಒಪ್ಪಬಹುದು. ವಾರ್ಷಿಕೋತ್ಸವದ ಬ್ಯಾನರ್, ರಂಗಸಜ್ಜಿಕೆ, ಗೋಡೆಚಿತ್ರ ಎಲ್ಲವೂ ಡ್ರಾಯಿಂಗ್ ಟೀಚರ್ ಪಾಲಿಗೇ ಬರುತ್ತದೆ. ಅದು ಶಾಲಾ ಸಮಯದಲ್ಲೋ, ಆಮೇಲೋ ಎಂದು ಈಗಲೇ ಕೇಳಿಕೊಳ್ಳಿ. ನೇಮಕಾತಿ ಪತ್ರದಲ್ಲಿ ‘ಬೇರೆ ಸಂಪಾದನೆ ಕೂಡದು’ ಎಂಬ ಷರತ್ತು ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಸಹಿ ಮಾಡಿ. ಇದೆಲ್ಲ ಕೇಳುವ ಮುಂಚೆ ದಿನದ ದರದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೂ ತೋರಿಸಿ.