ಶೇಂಗಾ ಚಟ್ನಿಪುಡಿ ಪ್ಯಾಕೆಟ್ ಮೇಲೆ ಏನೇನು ಇರಬೇಕು?

ಪ್ರಶ್ನೆ: ಮನೆಯಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಪ್ಯಾಕೆಟ್ ಕಟ್ಟಿ ಅಂಗಡಿಗಳಿಗೆ ಕೊಡುತ್ತೇನೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿದೆ. ಲೇಬಲ್ ಕನ್ನಡದಲ್ಲಷ್ಟೇ ಇದ್ದರೆ ಸಾಕಾ? ‘ಹೋಮ್ ಮೇಡ್’ ಅಂತ ಹಾಕಬಹುದಾ?
– ಓದುಗರೊಬ್ಬರು, ಗದಗ

ಉತ್ತರ: ಕನ್ನಡ ಇರಲಿ, ಆದರೆ ಅದೊಂದೇ ಸಾಲದು. 2020ರ ಲೇಬಲಿಂಗ್ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷ್ ಇಲ್ಲವೇ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡ ಹಾಕಿಕೊಳ್ಳಬಹುದು. (ಇದು ಉಲ್ಟಾ ಇರಬೇಕಿತ್ತು ಅಂತ ನನಗೂ ಅನಿಸುತ್ತೆ, ಬಿಡಿ.)

ಜನ ಎಡವುವುದು ಸಾಮಗ್ರಿ ಪಟ್ಟಿಯಲ್ಲಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು, ಅಂದರೆ ಶೇಂಗಾ, ಆಮೇಲೆ ಖಾರದಪುಡಿ, ಬೆಳ್ಳುಳ್ಳಿ, ಉಪ್ಪು, ನಿಮ್ಮ ಅಳತೆ ಹೇಗಿದೆಯೋ ಹಾಗೆ. ಶೇಂಗಾ ಅಲರ್ಜಿ ಪದಾರ್ಥ, ಹಾಗಾಗಿ ‘ಶೇಂಗಾ ಇದೆ’ ಅಂತ ಬೇರೆಯಾಗಿ ಬರೆಯಬೇಕು. ಹೆಸರಲ್ಲೇ ಇದೆ ಅಲ್ವಾ ಅಂತ ಸುಮ್ನೆ ಬಿಡಬೇಡಿ. ಇಂಗು ಹಾಕ್ತೀರಾ? ಡಬ್ಬಿ ತಿರುಗಿಸಿ ಓದಿ, ಪುಡಿ ಇಂಗಿನಲ್ಲಿ ಎಷ್ಟೋ ಸಲ ಮೈದಾ ಬೆರೆಸಿರುತ್ತಾರೆ. ಇದ್ದರೆ ಗೋಧಿಯನ್ನೂ ಅಲರ್ಜಿ ಸಾಲಿಗೆ ಸೇರಿಸಿ.

‘ಹೋಮ್ ಮೇಡ್’ ಬೇಡ. ಗ್ರಾಹಕರಿಗೆ ತಪ್ಪು ಅಭಿಪ್ರಾಯ ಕೊಡುವಂತೆ ಆ ಪದ ಬಳಸಬಾರದು ಅಂತ 2018ರ ಜಾಹೀರಾತು ನಿಯಮವೇ ಹೇಳುತ್ತದೆ, ಸುಮ್ಮನೆ ತಕರಾರು ಯಾಕೆ?

ಉಳಿದದ್ದು ನಿಮಗೆ ಗೊತ್ತಿರುತ್ತೆ: ಹಸಿರು ಚುಕ್ಕೆ, 14 ಅಂಕಿಯ ನೋಂದಣಿ ಸಂಖ್ಯೆ, ಹೆಸರು, ವಿಳಾಸ, ತೂಕ, ಎಂಆರ್‌ಪಿ, ಬ್ಯಾಚ್ ನಂಬರ್. ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕದ ಜೊತೆ ಎಕ್ಸ್‌ಪೈರಿ ದಿನಾಂಕವೂ ಬೇಕು, ಬರೀ ‘ಬೆಸ್ಟ್ ಬಿಫೋರ್’ ಸಾಲದು. ದಿನಾಂಕವನ್ನು ಪೆನ್ನಲ್ಲಿ ಬರೆದರೆ ಎಣ್ಣೆ ಕೈ ತಾಗಿ ಅಳಿಸಿಹೋಗುತ್ತೆ, ಅಳಿಯದ ಶಾಯಿಯ ಸ್ಟ್ಯಾಂಪ್ ಮಾಡಿಸಿಕೊಳ್ಳಿ.