ಕಲ್ಲುಹೂವಿನ ನೇರಳೆ ಹತ್ತಿಗೆ ಹಿಡಿಯುವುದಿಲ್ಲ

ಹತ್ತಿ ಸೀರೆಯ ನೂಲಿಗೆ ನೇರಳೆ ಬಣ್ಣ ಹಾಕಲು ಕಲ್ಲುಹೂವನ್ನು ಆನೆಗೊಂದಿಯ ಬಂಡೆಗಳಿಂದ ಕೆರೆದು ತರಬೇಕೋ, ಕಿರಾಣಿ ಅಂಗಡಿಯಲ್ಲಿ ಕೊಳ್ಳಬೇಕೋ ಎಂದು ಕೇಳಿದ್ದೀರಿ. ಹತ್ತಿಗಾದರೆ ಎರಡೂ ಬೇಡ. ಇದೇ ಹಂಬಲದಲ್ಲಿ ನಾನು ಭಾಗ್ಯನಗರದ ನೇಕಾರರೊಬ್ಬರಿಗೆ ಕೊಡಬೇಕಿದ್ದ ನೂಲನ್ನೆಲ್ಲ ಕೆಡಿಸಿ, ಅದರ ದುಡ್ಡು ಕೈಯಿಂದ ತೆತ್ತಿದ್ದೇನೆ.

ಬಣ್ಣ ಬರಲಿಲ್ಲವೆಂದಲ್ಲ. ಮಸಾಲೆಗೆ ಬಳಸುವ ಕಲ್ಲುಹೂವನ್ನೇ ಪುಡಿ ಮಾಡಿ, ನೀರು ಬೆರೆಸಿದ ಅಮೋನಿಯಾದಲ್ಲಿ ನೆನೆಹಾಕಿ, ದಿನವೂ ಮುಚ್ಚಳ ತೆರೆದು ಗಾಳಿಯಾಡುವಂತೆ ಕಲಕುತ್ತಿದ್ದೆ. ಮೊದಲು ಚಹಾದ ಡಿಕಾಕ್ಷನ್ನಿನಂತಿದ್ದ ರಸ ವಾರಗಳು ಕಳೆದಂತೆ ಕೆಂಪಾಗಿ, ಕಡೆಗೆ ಬಾಟಲಿಯ ಅಂಚಿನಲ್ಲಿ ನೇರಳೆ ಗೆರೆ ಕಟ್ಟಿತು. ಅದ್ದಿ ತೆಗೆದ ನೂಲಿನ ಲಡಿಯೂ ಅಚ್ಚ ನೇರಳೆ. ತೊಳೆದ ಕೂಡಲೇ ಬಣ್ಣವೆಲ್ಲ ನೀರಿಗಿಳಿದು, ನೂಲಿನಲ್ಲಿ ಮಾಸಲು ಗುಲಾಬಿ ಉಳಿಯಿತು. ಬಣ್ಣ ಹಿಡಿಸಲು ಹಾಕಿದ್ದ ಪಟಿಕ ಸಾಲದಾಯಿತು ಎಂದುಕೊಂಡೆ. ಪಟಿಕ ಹೆಚ್ಚಿಸಿ ಹೊಸ ಲಡಿ ಅದ್ದಿದೆ, ಅದೇ ಗುಲಾಬಿ. ಅಳಲೆಕಾಯಿ ಕಷಾಯದಲ್ಲಿ ನೆನೆಸಿ ಅದ್ದಿದೆ, ಹೊತ್ತು ಹೆಚ್ಚಿಸಿ ಕಾಯಿಸಿದೆ. ನೂಲು ಮುಗಿಯುವವರೆಗೂ ಪಟಿಕವನ್ನೇ ದೂರುತ್ತಿದ್ದೆ. ತೊಡಕಿದ್ದುದು ನೂಲಿನಲ್ಲಿ. ಕಲ್ಲುಹೂವಿನ ಆಮ್ಲವು ಅಮೋನಿಯಾ ಮತ್ತು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆರ್ಸೀನ್ ಎಂಬ ಬಣ್ಣವಾಗುತ್ತದೆ. ಅದು ಗಟ್ಟಿಯಾಗಿ ಅಂಟುವುದು ಪ್ರೋಟೀನಿಗೆ, ಅಂದರೆ ಉಣ್ಣೆಗೆ, ರೇಷ್ಮೆಗೆ. ಹತ್ತಿ ಬರೀ ಸೆಲ್ಯುಲೋಸ್, ಅಂದರೆ ಗಿಡದ ನಾರು; ಅಂಟಿಕೊಳ್ಳಲು ಅದರಲ್ಲಿ ಪ್ರೋಟೀನಿಲ್ಲ. ಉಳಿದ ರಸಕ್ಕೆ ಬಿಳಿ ಕುರಿಯ ಉಣ್ಣೆ ಹಾಕಿದೆ. ಪಟಿಕವಿಲ್ಲದೆಯೇ ನೇರಳೆ ಹಿಡಿದು, ತೊಳೆದರೂ ನಿಂತಿತು. ಸ್ಕಾಟ್ಲೆಂಡಿನಲ್ಲಿ ಕತ್ಬರ್ಟ್ ಗಾರ್ಡನ್ 1758ರಲ್ಲಿ ಪೇಟೆಂಟ್ ಪಡೆದ ಕಡ್‌ಬೇರ್ ಬಣ್ಣವೂ ಕಲ್ಲುಹೂವಿನದೇ, ಅದರ ಬಳಕೆಯೂ ಉಣ್ಣೆ, ರೇಷ್ಮೆಗೇ.

ಬಂಡೆ ಕೆರೆಯುವುದಂತೂ ಬೇಡವೇ ಬೇಡ. ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ; ನೀವು ಒಂದು ಬೊಗಸೆ ಕೆರೆದ ಜಾಗ ತುಂಬಲು ದಶಕಗಳೇ ಬೇಕು. ಮೇಲಾಗಿ ಎಲ್ಲ ಜಾತಿಯೂ ನೇರಳೆ ಕೊಡುವುದಿಲ್ಲ. ಅಂಗಡಿಯ ಕಲ್ಲುಹೂವಿನಲ್ಲೂ ಹಲವು ಜಾತಿಗಳ ಬೆರಕೆ ಇರುತ್ತದೆ. ಎಲೆಯ ಮೇಲ್ಪದರವನ್ನು ಉಗುರಿನಿಂದ ಕೆರೆದು, ಒಳಗಿನ ಬಿಳಿ ಭಾಗಕ್ಕೆ ಒಂದು ಹನಿ ಬ್ಲೀಚ್ ಬಿಡಿ. ತಟ್ಟನೆ ಕೆಂಪಾದದ್ದನ್ನು ಮಾತ್ರ ಆರಿಸಿ. ಆ ಬ್ಲೀಚನ್ನು ಅಮೋನಿಯಾದ ಹತ್ತಿರವೂ ತರಬೇಡಿ, ಎರಡೂ ಬೆರೆತರೆ ವಿಷಾನಿಲ ಏಳುತ್ತದೆ.

ನೇರಳೆಯೇ ಬೇಕೆಂಬ ಹಟವಿದ್ದರೆ ಸೆರಗಿಗೆ ಅಸಲಿ ರೇಷ್ಮೆ ಎಳೆ ಹಾಕಿಸಿ, ಅದಕ್ಕೆ ಬಣ್ಣ ಕಟ್ಟಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಈ ಬಣ್ಣ ಬೇಗ ಮಾಸುತ್ತದೆ. ಕೊಳ್ಳುವವರಿಗೆ ಅದನ್ನು ಮೊದಲೇ ತಿಳಿಸಿ ಮಾರಿ.