ಟರ್ಕಿಯ ಇಹ್ಲಾರಾ ಕಣಿವೆಗೆ ಒಂದೇ ದಿನ ಸಿಕ್ಕರೆ ಯಾವ ಭಾಗದಲ್ಲಿ ನಡೆಯಬೇಕು?

ಮುಖ್ಯ ಪ್ರವೇಶದ್ವಾರದಿಂದ ಬೆಲಿಸಿರ್ಮಾ ಗ್ರಾಮದವರೆಗಿನ ಭಾಗವನ್ನೇ ಆರಿಸಿಕೊಳ್ಳಿ. ಕಪಡೋಕಿಯಾ ಪ್ರದೇಶದ ಈ ಕಣಿವೆ ಇಹ್ಲಾರಾದಿಂದ ಸೆಲಿಮೆವರೆಗೆ ಸುಮಾರು 14 ಕಿ.ಮೀ. ಚಾಚಿಕೊಂಡಿದ್ದರೂ ಚಿತ್ರಗಳಿರುವ ಗುಹಾಚರ್ಚುಗಳು ಹೆಚ್ಚಾಗಿ ಸಿಗುವುದು ಇಲ್ಲಿಯೇ. ಪ್ರಾಚೀನ ಜ್ವಾಲಾಮುಖಿಗಳ ಬೂದಿ ಗಟ್ಟಿಯಾಗಿ ಉಂಟಾದ ಮೆದುಶಿಲೆಯನ್ನು ಮೆಲೆಂಡಿಜ್ ನದಿ ಕೊರೆದು ಕಣಿವೆ ಮಾಡಿತು; ಅದೇ ಶಿಲೆ ಉಳಿಗೂ ಸುಲಭವಾಗಿ ಒದಗಿದ್ದರಿಂದ ಬೈಜಾಂಟೈನ್ (ಪೂರ್ವ ರೋಮನ್) ಸಾಮ್ರಾಜ್ಯದ ಕಾಲದ ಕ್ರೈಸ್ತರು ಬಂಡೆಯೊಳಗೇ ಚರ್ಚುಗಳನ್ನೂ ಮಠಗಳನ್ನೂ ಕಡೆದರು.

ನದಿಯ ಪಕ್ಕದ ದಾರಿ ಬಹುಮಟ್ಟಿಗೆ ಸಮತಟ್ಟಾಗಿದ್ದು ಮರಗಳ ನೆರಳಿದೆ. ಮೊದಲಿಗೆ ಇಳಿಯಬೇಕಾದ ಸುಮಾರು 400 ಮೆಟ್ಟಿಲುಗಳು ಮಾತ್ರ ಮೊಣಕಾಲನ್ನು ಪರೀಕ್ಷಿಸುತ್ತವೆ. ಅಗಾಚಾಲ್ಟಿ ಮತ್ತು ಯಿಲಾನ್ಲಿ ಚರ್ಚುಗಳನ್ನು ಎಲ್ಲರೂ ನೋಡುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಬೆಲಿಸಿರ್ಮಾ ಬಳಿಯ ಕಿರ್ಕ್ ದಮಾಲ್ಟಿ ಅತ್ಯಂತ ಕುತೂಹಲಕಾರಿ. 13ನೆಯ ಶತಮಾನದ ಕೊನೆಯಲ್ಲಿ, ಸೆಲ್ಜುಕ್ ಎಂಬ ತುರ್ಕಿ ಮುಸ್ಲಿಂ ರಾಜವಂಶದ ಆಳ್ವಿಕೆಯಡಿ ಚಿತ್ರಿಸಲಾದ ಅಲ್ಲಿನ ಶಾಸನವು ಮುಸ್ಲಿಂ ಸುಲ್ತಾನ ಮಸೂದ್ ಹಾಗೂ ಬೈಜಾಂಟೈನ್‌ನ ಕ್ರೈಸ್ತ ಚಕ್ರವರ್ತಿ ಆಂಡ್ರೊನಿಕಸ್ ಇಬ್ಬರನ್ನೂ ಹೆಸರಿಸುತ್ತದೆ. ದಾನಿಯಾದ ಕ್ರೈಸ್ತ ಅಧಿಕಾರಿ ಪೇಟ ಧರಿಸಿ ನಿಂತಿದ್ದಾನೆ. ಹಲವು ಚರ್ಚುಗಳಲ್ಲಿ ಸಂತರ ಮುಖಗಳನ್ನು ಕೆರೆದು ಹಾಳುಮಾಡಿರುವುದು ಬೇಸರದ ಸಂಗತಿ.

ಊಟಕ್ಕೆ ಬೆಲಿಸಿರ್ಮಾದಲ್ಲಿ ನದಿಯಂಚಿನ ಹೋಟೆಲುಗಳಿವೆ. ಸೆಲಿಮೆಯ ದೊಡ್ಡ ಬಂಡೆಮಠಕ್ಕೆ ಅಲ್ಲಿಂದ ವಾಹನದಲ್ಲಿ ಹೋಗುವುದೇ ಸೂಕ್ತ.